ಕ್ಲೇಮ್ ತಿರಸ್ಕಾರವಾಗಿದೆ, ಇಂಗ್ಲಿಷಿನಲ್ಲಿ ಹೇಗೆ ಬರೆಯಲಿ?

ಪ್ರಶ್ನೆ: ನನ್ನ ತಾಯಿಯ ಆರೋಗ್ಯ ವಿಮೆಯ ಕ್ಲೇಮನ್ನು ಕಂಪನಿ ತಿರಸ್ಕರಿಸಿದೆ. ಮರುಪರಿಶೀಲನೆ ಕೋರಿ ಇಂಗ್ಲಿಷಿನಲ್ಲಿ ಇಮೇಲ್ ಕಳುಹಿಸಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗಷ್ಟೇ ಇಂಗ್ಲಿಷ್ ಕಲಿಯುತ್ತಿದ್ದೇನೆ. ಸ್ಪಷ್ಟವಾಗಿ ಬರೆಯುವುದು ಹೇಗೆ?

ಉತ್ತರ: ವ್ಯಾಕರಣದ ಸಣ್ಣಪುಟ್ಟ ತಪ್ಪುಗಳಿಗೆ ಹೆದರಬೇಡಿ. ಕ್ಲೇಮಿಗೆ ಏಟು ಬೀಳುವುದು ದಿನಾಂಕ ಅಸ್ಪಷ್ಟವಾದಾಗ. ಮೊದಲು ಕನ್ನಡದಲ್ಲೇ ಒಂದು ಹಾಳೆಯ ಮೇಲೆ ಪಾಲಿಸಿ ಆರಂಭವಾದ ದಿನ, ಕಾಯಿಲೆ ಮೊದಲು ಪತ್ತೆಯಾದ ದಿನ, ಆಸ್ಪತ್ರೆಗೆ ಸೇರಿದ ಮತ್ತು ಬಿಡುಗಡೆಯಾದ ದಿನ, ತಿರಸ್ಕಾರದ ಪತ್ರ ಬಂದ ದಿನ ಇಷ್ಟನ್ನೂ ಬರೆದುಕೊಳ್ಳಿ.

‘ತಾಯಿಗೆ ಬಹಳ ದಿನಗಳಿಂದ ಸಕ್ಕರೆ ಕಾಯಿಲೆ ಇದೆ’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಅದನ್ನೇ ‘ಸಿನ್ಸ್ ಲಾಂಗ್ ಟೈಮ್’ ಎಂದು ಬರೆದರೆ, ಪಾಲಿಸಿ ಕೊಳ್ಳುವ ಮೊದಲೇ ಕಾಯಿಲೆ ಇತ್ತೆಂದು ಕಂಪನಿ ಅರ್ಥ ಮಾಡಿಕೊಳ್ಳಬಹುದು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ, ಅದು ಮುಗಿಯುವವರೆಗೆ ಆ ಕಾಯಿಲೆಯ ಚಿಕಿತ್ಸೆಗೆ ವಿಮೆಯ ಹಣ ಸಿಗುವುದಿಲ್ಲ. 2024ರ ನಿಯಮದಂತೆ ಅದು ಮೂರು ವರ್ಷ ಮೀರುವಂತಿಲ್ಲ. ಹಾಗಾಗಿ ‘ಡಯಾಬಿಟಿಸ್ ವಾಸ್ ಫಸ್ಟ್ ಡಯಾಗ್ನೋಸ್ಡ್ ಆನ್ 14 ಜೂನ್ 2022’ ಎಂಬಂತೆ, ವರದಿಯಲ್ಲಿರುವ ದಿನಾಂಕವನ್ನೇ ಕೊಡಿ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಲ್ಲೇ ಬರೆಯಿರಿ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲೂ ಇಂಥ ತಪ್ಪು ನುಸುಳಿರಬಹುದು, ಓದಿ ನೋಡಿ. ತಪ್ಪಿದ್ದರೆ ಚಿಕಿತ್ಸೆ ನೀಡಿದ ವೈದ್ಯರಿಂದ ಲಿಖಿತ ಸ್ಪಷ್ಟನೆ ಪಡೆದು ಇಮೇಲಿಗೆ ಲಗತ್ತಿಸಿ. ಹಳೆಯ ಕಾಯಿಲೆ ನಿಜವಾಗಿಯೂ ಇದ್ದಿದ್ದರೆ ಮುಚ್ಚಿಡುವುದು ಮಾತ್ರ ಬೇಡ.

ಇನ್ನು ವಾಕ್ಯದ ಉದ್ದ. ‘ಎದೆನೋವು ಬಂದು, ಆಸ್ಪತ್ರೆಗೆ ಕರೆದೊಯ್ದು, ಪರೀಕ್ಷೆ ಮಾಡಿಸಿ, ದಾಖಲಿಸಿದೆವು’ ಎಂದರೆ ಕನ್ನಡದಲ್ಲಿ ಗೊಂದಲವಿಲ್ಲ. ಇಂಗ್ಲಿಷಿನಲ್ಲಿ ಹೀಗೆ ಪೋಣಿಸುತ್ತಾ ಹೋದರೆ ಯಾರು ಏನು ಮಾಡಿದರೆಂಬುದು ತಿಳಿಯುವುದಿಲ್ಲ. ಒಂದು ಕೆಲಸಕ್ಕೆ ಒಂದು ವಾಕ್ಯ ಸಾಕು. ಪ್ರತಿ ವಾಕ್ಯವನ್ನೂ ‘ಮೈ ಮದರ್’, ‘ದ ಡಾಕ್ಟರ್’, ‘ಯುವರ್ ಕಂಪನಿ’ ಎಂದು ಕರ್ತೃವಿನಿಂದಲೇ ಆರಂಭಿಸಿ.

ಕೊನೆಯಲ್ಲಿ ‘ಪ್ಲೀಸ್ ಡು ದ ನೀಡ್‌ಫುಲ್’ ಎಂದು ಬರೆಯುವ ರೂಢಿಯನ್ನು ದಯವಿಟ್ಟು ಬಿಡಿ. ನಿಮಗೆ ಬೇಕಾದದ್ದು ಏನೆಂದು ಅದು ಹೇಳುವುದೇ ಇಲ್ಲ. ಕಂಪನಿ ನಿಮಗೆ ಇಷ್ಟು ರೂಪಾಯಿ ಪಾವತಿಸಬೇಕೆಂದು ಮೊತ್ತ ನಮೂದಿಸಿಯೇ ಕೇಳಿ. ಇಲ್ಲವಾದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ನಿರಾಕರಿಸಿದ್ದೀರಿ ಎಂದು ಕೇಳಿ. ಕ್ಲೇಮ್ ನಿರಾಕರಿಸುವಾಗ ನಿರ್ದಿಷ್ಟ ಷರತ್ತನ್ನು ಉಲ್ಲೇಖಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯೇ ಹೇಳುತ್ತದೆ. ನಿಮ್ಮ ಕೋಪ ನ್ಯಾಯವಾದದ್ದೇ ಇರಬಹುದು, ಆದರೂ ಈ ಪತ್ರದಲ್ಲಿ ಅದಕ್ಕೆ ಜಾಗ ಕೊಡಬೇಡಿ.

ಇಮೇಲಿನ ವಿಷಯದ ಸಾಲಿನಲ್ಲಿ ಪಾಲಿಸಿ ಸಂಖ್ಯೆ ಮತ್ತು ಕ್ಲೇಮ್ ಸಂಖ್ಯೆ ಇರಲಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿ ತರದಿದ್ದರೆ ವಿಮಾ ಕಂಪನಿಗಳ ವಿರುದ್ಧದ ದೂರುಗಳನ್ನು ಇತ್ಯರ್ಥಪಡಿಸುವ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಆಗ ಈ ಇಮೇಲಿನ ಪ್ರತಿಯನ್ನೂ ಜೊತೆಗಿಡಬೇಕಾಗುತ್ತದೆ, ಅಳಿಸದೆ ಕಾಪಾಡಿಕೊಳ್ಳಿ.