ಬದಲಾಗುವ ಮಂಚ, ಬದಲಾಗುವ ಜೊತೆ

ದಾವಣಗೆರೆಯ ಪಿಯು ಹಾಸ್ಟೆಲ್‌ಗಳ ಮುಂದೆ ಭಾನುವಾರ ಮಧ್ಯಾಹ್ನ ಜಗಳೂರು, ಚನ್ನಗಿರಿ, ಮೊಳಕಾಲ್ಮೂರು ಕಡೆಯ ತಂದೆತಾಯಂದಿರು ಗೇಟಿನ ಬಳಿಯೇ ಬುತ್ತಿ ಬಿಚ್ಚಿ ಮಕ್ಕಳಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿ ಬಡಿಸುತ್ತಿರುತ್ತಾರೆ. ಮೊದಲು ಕೇಳುವುದು ಟೆಸ್ಟಿನ ಅಂಕ. ನನ್ನ ಅಕ್ಕನ ಮಗಳು ಒಮ್ಮೆ ಅದಕ್ಕೆ ಉತ್ತರಿಸದೆ, 'ಅವ್ವ, ನನ್ ರೂಮು ಮತ್ತೆ ಚೇಂಜ್ ಮಾಡ್ಯಾರೆ' ಎಂದಳು. ಅಲ್ಲಿ ಅಂಕಕ್ಕೆ ತಕ್ಕ ಸೆಕ್ಷನ್, ಸೆಕ್ಷನ್ನಿಗೆ ತಕ್ಕ ಕೊಠಡಿ. ದಸರೆಯೊಳಗೆ ಅವಳು ನಾಲ್ಕು ಬಾರಿ ಟ್ರಂಕು ಎತ್ತಿದ್ದಳು. ನಾವದನ್ನು ಸಣ್ಣ ಮಾತೆಂದು ಬಿಟ್ಟೆವು.

ಸಣ್ಣ ಮಾತಲ್ಲವೆಂದು ಹೇಳುವ ಪ್ರಯೋಗವೊಂದಿದೆ. ಕೆನಡಾದ ಬ್ರಾಕ್ ವಿಶ್ವವಿದ್ಯಾಲಯದ ಶೆರಿಲ್ ಮೆಕಾರ್ಮಿಕ್ ಮತ್ತು ಸಂಗಡಿಗರು, ಹುಟ್ಟಿ 30 ದಿನವಾದ, ಅಂದರೆ ಹರೆಯಕ್ಕೆ ಕಾಲಿಡುತ್ತಿರುವ ಇಲಿಗಳನ್ನು 16 ದಿನ, ದಿನಕ್ಕೊಂದು ಗಂಟೆ ಒಂಟಿಯಾಗಿಟ್ಟು, ಆಮೇಲೆ ಪ್ರತಿಸಲವೂ ಹೊಸ ಜೊತೆಯೊಂದಿಗೆ ಪಂಜರದಲ್ಲಿ ಬಿಟ್ಟರು. ನೋವಿಲ್ಲ, ಹಸಿವಿಲ್ಲ; ಜೊತೆ ಮಾತ್ರ ನಿಲ್ಲದು. ಆದರೂ ದೊಡ್ಡವಾದ ಮೇಲೆ ಆ ಗಂಡಿಲಿಗಳಲ್ಲಿ ಅಂಜಿಕೆ ಹೆಚ್ಚಿ ಒಡನಾಟ ಕುಗ್ಗಿತ್ತು. ಹೆಣ್ಣಿಲಿಗಳ ಮೇಲಾದ ಪರಿಣಾಮದ ಸ್ವರೂಪ ಬೇರೆಯಾಗಿತ್ತು.

ಒತ್ತಡ ಎದುರಾದಾಗ ಮಿದುಳಿನ ಹೈಪೊಥಾಲಮಸ್ ಪಿಟ್ಯುಟರಿ ಗ್ರಂಥಿಗೆ, ಅದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸೂಚನೆ ರವಾನಿಸುತ್ತದೆ; ಮನುಷ್ಯರಲ್ಲಿ ಆಗ ಕಾರ್ಟಿಸೋಲ್ ಏರುತ್ತದೆ. ಏರುವುದು ಸಹಜ, ಕಾಲಕ್ಕೆ ಸರಿಯಾಗಿ ಇಳಿಯಬೇಕು. ಹರೆಯಕ್ಕೆ ಬಾರದ ಇಲಿಗಳಲ್ಲಿ ಒತ್ತಡದ ಹಾರ್ಮೋನು ಇಳಿಯಲು ಪ್ರೌಢ ಇಲಿಗಳಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಮನುಷ್ಯರಲ್ಲಂತೂ ಭಾವನೆಗೆ ಲಗಾಮು ಹಾಕುವ, ಹಣೆಯ ಹಿಂದಿನ ಮಿದುಳಿನ ಭಾಗ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ.

ಹೆಣ್ಣಿನ ಬಗ್ಗೆ ವಿಜ್ಞಾನ ಬಹುಕಾಲ ಉದಾಸೀನವಾಗಿತ್ತೆನ್ನಬೇಕು. ಪುಂಡ ಇಲಿಯೊಂದು ಇನ್ನೊಂದನ್ನು ಬಡಿದು ಸೋಲಿಸುವ ಪ್ರಯೋಗವೇ ಸಾಮಾಜಿಕ ಒತ್ತಡದ ಮುಖ್ಯ ಮಾದರಿಯಾಗಿತ್ತು. ಹೆಣ್ಣಿಲಿಗಳ ಮೇಲೆ ಅದು ಸಾಮಾನ್ಯವಾಗಿ ಎರಗುವುದಿಲ್ಲವಾದ್ದರಿಂದ ಅವುಗಳನ್ನೇ ಕೈಬಿಟ್ಟಿದ್ದರು. ಹೆಣ್ಣೂ ನೆಲೆಗಾಗಿ ಕಾದಾಡುವ ಕ್ಯಾಲಿಫೋರ್ನಿಯಾ ಇಲಿಗಳಿಂದ ಈ ಕೊರತೆ ತುಸು ನೀಗಿತು: ಸೋತ ಹೆಣ್ಣುಗಳು ಇತರ ಇಲಿಗಳಿಂದ ದೂರ ಸರಿಯುವುದು ಗಂಡುಗಳಿಗಿಂತ ಎದ್ದು ಕಂಡಿತು. ಮನುಷ್ಯರಲ್ಲಿ, 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಯುವಕರ ಕಾರ್ಟಿಸೋಲ್ ಲೆಕ್ಕ ಮಾಡಿಸಿದಾಗ ಹೆಚ್ಚು ಏರಿದರೆ, ಯುವತಿಯರದು ಮಾತುಕತೆಯಿಂದ ಹೊರಗಿಟ್ಟಾಗ ಏರಿತು. ಇದನ್ನೇ ನಿಯಮ ಮಾಡಿಕೊಂಡು ಹುಡುಗರಿಗೆ ಸ್ನೇಹ ಬೇಡವೆನ್ನುವುದು ಅವಿವೇಕ.

ಖಿನ್ನತೆ ಬಾಲ್ಯದಲ್ಲಿ ಇಬ್ಬರಲ್ಲೂ ಹೆಚ್ಚುಕಡಿಮೆ ಸಮ. ಹದಿಹರೆಯದ ನಡುವೆ ಹುಡುಗಿಯರಲ್ಲಿ ಸುಮಾರು ಇಮ್ಮಡಿಯಾಗುತ್ತದೆ. ಆದರೆ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಎಲ್ಲ ಬಗೆಯ ಮಾನಸಿಕ ತೊಂದರೆಗಳನ್ನೂ ಕೂಡಿಸಿದಾಗ 13ರಿಂದ 17 ವಯಸ್ಸಿನವರಲ್ಲಿ ಕಂಡ ಪ್ರಮಾಣ ಶೇ. 7.3, ಹುಡುಗ-ಹುಡುಗಿಯರಲ್ಲಿ ಅದು ಬಹುಮಟ್ಟಿಗೆ ಒಂದೇ. ನನ್ನ ಮಟ್ಟಿಗೆ ಇಲ್ಲಿ ಗಮನಿಸಬೇಕಾದದ್ದು ಸಂಕಟ ಹೊರಬೀಳುವ ದಾರಿಯನ್ನು. ಹುಡುಗಿ ಅತ್ತರೆ, ಊಟ ಬಿಟ್ಟರೆ ಮನೆಗೆ ಫೋನ್ ಹೋಗುತ್ತದೆ. ಹುಡುಗ ಸಿಡುಕಿದರೆ, ಕ್ಲಾಸ್ ತಪ್ಪಿಸಿದರೆ ಅದು ವಾರ್ಡನ್ ಪುಸ್ತಕದಲ್ಲಿ ಅಶಿಸ್ತೆಂದು ದಾಖಲಾಗುತ್ತದೆ.

ದಸರೆ ರಜೆ ಮುಗಿಸಿ ಮಗಳನ್ನು ಬಿಡಲು ಹೋದಾಗ ಅಕ್ಕ, 'ಸೆಕ್ಷನ್ ಎಷ್ಟು ಸಲ ಬೇಕಾದ್ರೂ ಬದಲಿಸ್ರಿ ಮೇಡಂ, ಮಂಚ ಮಾತ್ರ ಬದಲಿಸಬ್ಯಾಡ್ರಿ' ಎಂದು ಕೇಳಿಕೊಂಡಳು. ವಾರ್ಡನ್ ಒಪ್ಪಿದರು. ಹುಡುಗರ ಬ್ಲಾಕಿನಲ್ಲೂ ಹೀಗೆಯೇ ಮಾಡಬಹುದಲ್ಲವೇ ಎಂದು ನಾನು ಕೇಳಿದ್ದಕ್ಕೆ, 'ಅಲ್ಲಿಂದ ಯಾರೂ ಕೇಳಿಲ್ಲ ಸರ್' ಎಂದರು.