ಕಣ್ಣು ನಿಂತಲ್ಲೆಲ್ಲ ಮನಸ್ಸು ಇರುತ್ತದಾ? ನೋಟದ ಸಂಶೋಧನೆಗೆ ಇಳಿಯುವವರಿಗೆ ಒಂದು ಟಿಪ್ಪಣಿ

ಪಿಎಚ್‌ಡಿ ಮುಗಿಸಿ, ಪೋಸ್ಟ್‌ಡಾಕ್‌ಗೆ ಕಣ್ಣಿನ ಚಲನೆ ಮತ್ತು ಕಂಪ್ಯೂಟರ್ ಬಳಕೆಯ ವಿಷಯ ಹಿಡಿಯಬೇಕೆಂದಿರುವ ಗೆಳೆಯರಿಗೆ ಇದು. ಕಣ್ಣು ಎಲ್ಲಿ ನಿಂತಿದೆ ಎಂದು ನೋಟ ಅಳೆಯುವ ಯಂತ್ರ ಹೇಳುತ್ತದೆ. ಆ ಮನುಷ್ಯನಿಗೆ ಏನು ಬೇಕು ಎಂದು ಹೇಳುವುದಿಲ್ಲ. ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ತೊಡಕು ಇದೇ.

ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಮಾನ್ವಿ ಬಸ್ ಹುಡುಕುತ್ತಿದ್ದೀರಿ ಅಂದುಕೊಳ್ಳಿ. ಕಣ್ಣು ಒಂದು ಬೋರ್ಡಿನಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಈ ಜಿಗಿತವೇ ಸಕೇಡ್. ನಡುನಡುವೆ ನಿಲ್ಲುವುದು ಫಿಕ್ಸೇಶನ್. ಓದುವಾಗ ಒಂದೊಂದು ನಿಲುಗಡೆ ಸಾಮಾನ್ಯವಾಗಿ 200ರಿಂದ 300 ಮಿಲಿಸೆಕೆಂಡ್. ತುಂಬಾ ಸ್ಪಷ್ಟವಾಗಿ ಕಾಣುವ ಜಾಗವೂ ಚಿಕ್ಕದು, ನೋಟದ ಕೋನದಲ್ಲಿ ಸುಮಾರು 2 ಡಿಗ್ರಿ. ಕೈ ಚಾಚಿ ಹೆಬ್ಬೆರಳಿನ ಉಗುರು ನೋಡಿ, ಹೆಚ್ಚು ಕಡಿಮೆ ಅಷ್ಟೇ.

ಈಗ ಟಿಕೆಟ್ ಕೊಡುವ ಒಂದು ಪರದೆ ನೋಟದಿಂದಲೇ ನಡೆಯುತ್ತದೆ ಎನ್ನಿ. ಸಿಂಧನೂರು ಎಂಬ ಹೆಸರನ್ನು ಸುಮ್ನೆ ಓದಿದರೂ ಸಿಂಧನೂರಿನ ಟಿಕೆಟ್ ಬಂದುಬಿಡುತ್ತದೆ! ಸಂಶೋಧಕ ರಾಬರ್ಟ್ ಜೇಕಬ್ 1990ರಲ್ಲಿ ಈ ತೊಂದರೆಯನ್ನು ಮೈದಾಸ್ ಸ್ಪರ್ಶ ಎಂದು ಕರೆದರು. ಮುಟ್ಟಿದ್ದೆಲ್ಲ ಚಿನ್ನವಾಗುವ ರಾಜನ ಕಥೆ ನಿಮಗೆ ಗೊತ್ತಲ್ವಾ, ಅದೇ. ನೋಟವನ್ನು ಸ್ವಲ್ಪ ಹೊತ್ತು ಒಂದೇ ಕಡೆ ನಿಲ್ಲಿಸಿದರೆ ಮಾತ್ರ ಆಯ್ಕೆ ಎನ್ನುವುದು ಒಂದು ದಾರಿ. ಆ ಹೊತ್ತು ಕಡಿಮೆಯಾದರೆ ಬೇಡದ್ದು ಆಯ್ಕೆಯಾಗುತ್ತದೆ, ಜಾಸ್ತಿಯಾದರೆ ಕಣ್ಣು ದಣಿಯುತ್ತದೆ. ಕೈ ಆಡಿಸಬಲ್ಲವರಿಗೆ ನೋಟದಿಂದ ಗುರುತಿಸಿ, ಬಟನ್ ಒತ್ತಿ ಖಚಿತಪಡಿಸುವುದೇ ಒಳ್ಳೆಯದು. ಕೈಕಾಲು ಆಡದವರಿಗೆ ಮಾತ್ರ ನೋಟವೇ ಮಾತು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸಮಯವನ್ನು ಹೊಂದಿಸುವ ಕೆಲಸ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುತ್ತದೆ.

ಅಳತೆಯ ವಿಷಯದಲ್ಲಿ ಕನ್ನಡ ಓದನ್ನು ಪರೀಕ್ಷಿಸುವವರು ಎಚ್ಚರವಾಗಿರಬೇಕು. 57 ಸೆಂಟಿಮೀಟರ್ ದೂರದಲ್ಲಿ 1 ಡಿಗ್ರಿ ಎಂದರೆ ಪರದೆಯ ಮೇಲೆ ಸುಮಾರು 1 ಸೆಂಟಿಮೀಟರ್. ಯಂತ್ರದ ಲೆಕ್ಕ ಅರ್ಧ ಡಿಗ್ರಿ ತಪ್ಪಿದರೂ 5 ಮಿಲಿಮೀಟರ್ ಹೋಯಿತು. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಬರುತ್ತದೆ. ಸಾಲುಗಳು ತೀರಾ ಹತ್ತಿರವಿದ್ದರೆ, ಓದುಗ ಮೇಲಿನ ಸಾಲಿನ ಒತ್ತನ್ನು ನೋಡಿದನೋ ಕೆಳಗಿನ ಸಾಲನ್ನು ನೋಡಿದನೋ ಹೇಳಲಾಗದು. ಅದಕ್ಕೇ ಕನ್ನಡ ಓದಿನ ಪ್ರಯೋಗದಲ್ಲಿ ಅಕ್ಷರ ದೊಡ್ಡದಿರಲಿ, ಸಾಲುಗಳ ನಡುವೆ ಧಾರಾಳ ಜಾಗವಿರಲಿ.

ಇನ್ನು ನಮ್ಮ ಬಿಸಿಲು. ಸಾಮಾನ್ಯ ಉಪಕರಣ ಕಣ್ಣಿಗೆ ಇನ್‌ಫ್ರಾರೆಡ್ ಎಂಬ ಕಾಣದ ಬೆಳಕು ಹಾಯಿಸಿ, ಪಾಪೆಯ ನಡುವನ್ನೂ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲಿನ ಹೊಳಪನ್ನೂ ಹೋಲಿಸಿ ನೋಟ ಲೆಕ್ಕ ಹಾಕುತ್ತದೆ. ಬಿಸಿಲಲ್ಲೂ ಇನ್‌ಫ್ರಾರೆಡ್ ಇದೆ. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಬಯಲಲ್ಲಿ ಪಾಪೆ ಕುಗ್ಗುತ್ತದೆ, ಜನ ಕಣ್ಣು ಕಿರಿದು ಮಾಡುತ್ತಾರೆ, ಹೊಳಪೂ ಕಲಸಿಹೋಗುತ್ತದೆ. ತಂಪಾದ ಕೋಣೆಯಲ್ಲಿ ಚೆನ್ನಾಗಿ ನಡೆದ ಪ್ರಯೋಗ ಇಲ್ಲಿ ನಡೆದೇ ನಡೆಯುತ್ತದೆ ಎನ್ನುವಂತಿಲ್ಲ.

ಮೊದಲು ಪರದೆಯ ಚುಕ್ಕೆಗಳನ್ನು ನೋಡಿಸಿ ಉಪಕರಣವನ್ನು ಕಣ್ಣಿಗೆ ಹೊಂದಿಸಬೇಕು. ಬಸ್ಸಿಗೆ ಓಡುವವರು ಅದಕ್ಕೆ ನಿಲ್ಲುತ್ತಾರಾ? 2013ರಲ್ಲಿ ವಿಡಾಲ್, ಬುಲ್ಲಿಂಗ್, ಗೆಲ್ಲರ್ಸನ್ ಎಂಬ ಸಂಶೋಧಕರು ತೋರಿಸಿದ ದಾರಿ ಇಲ್ಲಿ ನೆರವಾಗುತ್ತದೆ. ಪರದೆಯ ಮೇಲಿನ ಗುರುತುಗಳು ಚಲಿಸುತ್ತಿರುತ್ತವೆ. ಕಣ್ಣು ಯಾವುದರ ಹಿಂದೆ ಸಾಗಿತೋ ಅದೇ ಆಯ್ಕೆ. ಚಲನೆಯ ಹೊಂದಿಕೆಯಷ್ಟೇ ಮುಖ್ಯವಾದ್ದರಿಂದ ಮುಂಚಿನ ಹೊಂದಾಣಿಕೆ ಬೇಕಿಲ್ಲ. ಆದರೆ ಮಾನ್ವಿ, ಸಿಂಧನೂರು ಎರಡೂ ಒಂದೇ ವೇಗದಲ್ಲಿ ಒಂದೇ ಕಡೆ ಸಾಗಿದರೆ ಯಂತ್ರಕ್ಕೆ ವ್ಯತ್ಯಾಸ ತಿಳಿಯದು. ಒಂದನ್ನು ಸುತ್ತಿಸಿ, ಇನ್ನೊಂದನ್ನು ಮೇಲೆ ಕೆಳಗೆ ಆಡಿಸಿ.