ಎಕ್ಸೆಲ್‌ನಲ್ಲಿರುವ, ಪ್ರಪಂಚದಲ್ಲಿಲ್ಲದ ದಿನ

"ಈ ತಿಂಗಳು ಐದು ಶುಕ್ರವಾರ, ಐದು ಶನಿವಾರ, ಐದು ಭಾನುವಾರ. 823 ವರ್ಷಕ್ಕೊಮ್ಮೆ ಮಾತ್ರ ಹೀಗಾಗುತ್ತದೆ. ಎಲ್ಲರಿಗೂ ಕಳಿಸಿ, ದುಡ್ಡು ಬರುತ್ತದೆ." ಇಂಥ ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತದೆ, ಅಲ್ವಾ? ಮುಂದೆ ಕಳಿಸುವ ಮೊದಲು ಎಕ್ಸೆಲ್‌ನಲ್ಲಿ ವಾರ್ಷಿಕ ಕ್ಯಾಲೆಂಡರ್ ಟೆಂಪ್ಲೇಟ್ ತೆರೆದು, ವರ್ಷ ಬದಲಿಸುತ್ತಾ ಹೋಗಿ. 2025ರ ಆಗಸ್ಟ್ ಹೀಗೇ. 2026ರ ಮೇ ಹೀಗೇ. 2027ರಲ್ಲಂತೂ ಜನವರಿ, ಅಕ್ಟೋಬರ್ ಎರಡೂ! 31 ದಿನದ ತಿಂಗಳು ಶುಕ್ರವಾರ ಶುರುವಾದರೆ ಸಾಕು.

ಒಂದು ಖಾನೆಯಲ್ಲಿ ವರ್ಷ ಬದಲಿಸಿದರೆ ಹನ್ನೆರಡೂ ತಿಂಗಳು ತಾವಾಗಿಯೇ ಸರಿಹೋಗುವುದು ಹೇಗೆ? ಎಕ್ಸೆಲ್‌ಗೆ ದಿನಾಂಕ ಅಂದರೆ ಬರೀ ಒಂದು ಸಂಖ್ಯೆ. 1900ರ ಜನವರಿ 1 ಅದಕ್ಕೆ 1, ಮರುದಿನ 2. ಗಾಡಿಯ ಕಿಲೋಮೀಟರ್ ಮೀಟರಿನಂತೆ ಅದು ಏರುತ್ತಲೇ ಹೋಗುತ್ತದೆ. ಖಾಲಿ ಖಾನೆಯಲ್ಲಿ 46023 ಎಂದು ಟೈಪ್ ಮಾಡಿ, ಫಾರ್ಮ್ಯಾಟನ್ನು ದಿನಾಂಕಕ್ಕೆ ಬದಲಿಸಿ. 2026ರ ಜನವರಿ 1 ಬರುತ್ತದೆ. ಈಗ 46023ನ್ನು 7ರಿಂದ ಭಾಗಿಸಿ. ಶೇಷ 5. ಭಾನುವಾರವನ್ನು 1 ಎಂದು ಎಣಿಸಿದರೆ ಐದನೆಯದು ಗುರುವಾರ. ವಾರ ಸಿಕ್ಕಿತು! ಇನ್ನು ಪಕ್ಕದ ಖಾನೆಗೆ ಒಂದೊಂದೇ ಕೂಡಿಸುತ್ತಾ ಹೋದರಾಯಿತು. ಇಷ್ಟು ಸುಲಭವಿದ್ದರೂ ಹಳೇ ವರ್ಷದ ಕ್ಯಾಲೆಂಡರಿನ ಮೇಲೆ ಒಂದೊಂದೇ ತಾರೀಖು ಕೈಯಾರೆ ತಿದ್ದುವವರಿದ್ದಾರೆ.

ಅಂದಹಾಗೆ, ಕೆಲವು ತಿಂಗಳಿಗೆ ಐದು ಸಾಲು ಸಾಲುವುದಿಲ್ಲ. ಭಾನುವಾರದಿಂದ ವಾರ ಶುರುಮಾಡಿದರೆ 2026ರ ಮೇ 31 ಆರನೇ ಸಾಲಿಗೆ ಬೀಳುತ್ತದೆ. ಅದಕ್ಕೇ ಗೋಡೆ ಕ್ಯಾಲೆಂಡರುಗಳು 24, 31 ಎರಡನ್ನೂ ಒಂದೇ ಮನೆಯಲ್ಲಿ ತುರುಕುತ್ತವೆ.

ಈ ಎಣಿಕೆಯಲ್ಲಿ ಒಂದು ತಮಾಷೆಯಿದೆ. ಎಕ್ಸೆಲ್‌ನಲ್ಲಿ 60 ಎಂದು ಹಾಕಿ ದಿನಾಂಕ ಮಾಡಿ ನೋಡಿ: 1900ರ ಫೆಬ್ರವರಿ 29. ಅಂಥ ದಿನ ಬಂದೇ ಇಲ್ಲ! 1900 ಅಧಿಕ ವರ್ಷವಲ್ಲ. ಈ ತಪ್ಪು ಮೊದಲು ಎಕ್ಸೆಲ್‌ಗಿಂತ ಹಳೆಯ ಅಂಥದ್ದೇ ತಂತ್ರಾಂಶ ಲೋಟಸ್ 1-2-3ರಲ್ಲಿತ್ತು. ಅದರ ಕಡತಗಳಿಗೆ ಹೊಂದಿಕೊಳ್ಳಲೆಂದು ಎಕ್ಸೆಲ್ ಗೊತ್ತಿದ್ದೇ ಅದನ್ನು ಉಳಿಸಿಕೊಂಡಿತು. ಹಾಗಾಗಿ 1900ರ ಜನವರಿ 1 ನಿಜಕ್ಕೂ ಸೋಮವಾರವಾದರೂ ಎಕ್ಸೆಲ್ ಅದನ್ನು ಭಾನುವಾರ ಎನ್ನುತ್ತದೆ. ಎಕ್ಸೆಲ್‌ನಂಥದ್ದೇ ಉಚಿತ ತಂತ್ರಾಂಶ ಲಿಬ್ರೆಆಫೀಸ್ ಕ್ಯಾಲ್ಕ್‌ನವರು ಜಾಣರು. ತಮ್ಮ ಸೊನ್ನೆಯನ್ನು 1899ರ ಡಿಸೆಂಬರ್ 30ಕ್ಕೆ ಇಟ್ಟರು. ಅಲ್ಲಿ 60 ಅಂದರೆ ಫೆಬ್ರವರಿ 28. ಮಾರ್ಚ್ 1ರಿಂದ ಎರಡೂ ಒಂದೇ ಲೆಕ್ಕ.

1900ಕ್ಕೆ ಯಾಕೆ 29 ಇಲ್ಲ? ಭೂಮಿ ಒಂದು ವರ್ಷಕ್ಕೆ ತೆಗೆದುಕೊಳ್ಳುವುದು ಸುಮಾರು 365.2422 ದಿನ, ಸರಿಯಾಗಿ ಕಾಲು ದಿನ ಜಾಸ್ತಿಯಲ್ಲ. ಯುರೋಪಿನಲ್ಲಿ ಮೊದಲು ಬಳಕೆಯಲ್ಲಿದ್ದ ಜೂಲಿಯನ್ ಪಂಚಾಂಗ ಕಾಲು ದಿನವೆಂದೇ ಹಿಡಿದು ಶತಮಾನಗಳಲ್ಲಿ ಹಿಂದೆ ಬಿತ್ತು. 1582ರಲ್ಲಿ ಪೋಪ್ ಗ್ರೆಗರಿ ಹತ್ತು ದಿನ ಕಿತ್ತುಹಾಕಿಸಿದರು: ಅಕ್ಟೋಬರ್ 4ರ ಮರುದಿನ 15. ಆಮೇಲೆ ಶತಮಾನದ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ. 400 ವರ್ಷಕ್ಕೆ 146097 ದಿನ, ಅದು 7ರಿಂದ ಪೂರ್ತಿ ಭಾಗವಾಗುತ್ತದೆ. ಅಂದರೆ 400 ವರ್ಷವಾದ ಮೇಲೆ ಎಲ್ಲ ವಾರಗಳೂ ಮೊದಲಿನಂತೆಯೇ ಬರುತ್ತವೆ. 823ಕ್ಕೆ ಜಾಗವೇ ಇಲ್ಲ.

ನಿಮ್ಮ ಟೆಂಪ್ಲೇಟ್ ಸರಿಯಿದೆಯಾ ನೋಡಲು ಸುಮ್ನೆ ವರ್ಷದ ಖಾನೆಯಲ್ಲಿ 2100 ಹಾಕಿ. ಫೆಬ್ರವರಿ 28ಕ್ಕೆ ನಿಲ್ಲಬೇಕು. 29 ಕಂಡರೆ, ಅದನ್ನು ಮಾಡಿದವರು 4ರಿಂದ ಭಾಗಿಸಿ ಅಲ್ಲಿಗೇ ಕೈಬಿಟ್ಟಿದ್ದಾರೆ.